ಬಲೂನಿಗೆ ಗಡ್ಡ ಬೋಳಿಸಿದ ಸಲೂನ್ ಅಣ್ಣ

ನಮ್ಮ ಬೀದಿಯ ಸಲೂನ್ ಅಣ್ಣನ ಬಾಯಿಗೆ ಬೀಗವೇ ಇರಲಿಲ್ಲ. ಕುರ್ಚಿಯಲ್ಲಿ ಕೂತವರ ಮನೆ ಜಗಳ, ಸೊಂಟ ನೋವು, ಮಗಳ ಪರೀಕ್ಷೆ ಎಲ್ಲವನ್ನೂ ಕೇಳಿಸಿಕೊಂಡು, ನಗಿಸಿ ಕಳಿಸುತ್ತಿದ್ದರು. ಅಂಥವರು ಇದ್ದಕ್ಕಿದ್ದಂತೆ ಮಂಕಾದರು. ಕೂದಲು ಕತ್ತರಿಸುತ್ತಿದ್ದರು, ಗಡ್ಡ ಎಂದರೆ ಮಾತ್ರ "ಬ್ಲೇಡು ಖಾಲಿ" ಎನ್ನುತ್ತಿದ್ದರು. ಡ್ರಾಯರ್ ತುಂಬ ಬ್ಲೇಡುಗಳಿದ್ದವು.

ಆದದ್ದಿಷ್ಟು. ಹಳೆಯ ಗಿರಾಕಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಶೇವಿಂಗ್‌ಗೆ ಕೂತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತೀರಿಕೊಂಡಿದ್ದರು. ಅಂದಿನಿಂದ ರೇಜರ್ ಹಿಡಿದರೆ ಅಣ್ಣನ ಕೈ ನಡುಗುತ್ತಿತ್ತು. ನಿದ್ದೆ ಇಲ್ಲ, ಊಟಕ್ಕೆ ಕರೆದರೂ ಸಿಡುಕು. ಕೊನೆಗೊಂದು ಬೆಳಿಗ್ಗೆ, "ಕುರ್ಚಿ ಮಾರ್ಬಿಡ್ತೀನಿ. ಈ ಅಂಗಡಿ ಸಹವಾಸವೇ ಸಾಕು" ಎಂದರು. ಹೆಂಡತಿ ಕೈಲಿದ್ದ ಕೆಲಸ ಬಿಟ್ಟರು. ಓಡಿಹೋಗಿ ಎದುರುಮನೆಯ ನರ್ಸಕ್ಕನನ್ನು ಕರೆತಂದರು.

"ನಮ್ಮ ಆಸ್ಪತ್ರೇಲಿ ಆಪ್ತ ಸಮಾಲೋಚಕಿ ಇದ್ದಾರೆ. ಹೋಗಿ ಮಾತಾಡಿ ಬನ್ನಿ" ಎಂದರು ನರ್ಸಕ್ಕ.

"ನನಗೇನು ತಲೆ ಕೆಟ್ಟಿದ್ಯಾ?"

"ಹಾಗಂತ ಯಾರಂದ್ರು? ಮನಸ್ಸಿಗೆ ಏಟು ಬಿದ್ದಿದೆ, ಅಷ್ಟೇ."

"ಊರಿನ ಕಷ್ಟವೆಲ್ಲಾ ದಿನಾ ಕೇಳೋನು ನಾನು. ನನಗೆ ಅವರೇನು ಹೇಳಿಕೊಡ್ತಾರೆ?"

"ಊರಿನವರ ಕೂದಲೆಲ್ಲಾ ಕತ್ತರಿಸ್ತೀರಲ್ಲ ಅಣ್ಣಾ, ನಿಮ್ಮ ಹಿಂದಲೆಗೆ ನೀವೇ ಕತ್ತರಿ ಹಾಕ್ಕೊಳ್ತೀರಾ?"

ಅಣ್ಣ ಹಿಂದಲೆ ಸವರಿಕೊಂಡರು. ಹೆಂಡತಿಯ ಕಡೆ ತಿರುಗಿ, "ಜನ ಏನಂತಾರೇ?" ಎಂದರು.

ಆಕೆ ಆಗಲೇ ಚಪ್ಪಲಿ ಮೆಟ್ಟಿದ್ದರು. "ಏನಾದ್ರೂ ಅಂದ್ಕೊಳ್ಲಿ. ನನಗೆ ನೀವು ಬೇಕು ರೀ, ಜನರ ಮಾತಲ್ಲ. ಏಳಿ ಮೇಲೆ."

ಸಮಾಲೋಚಕಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕಿಟಕಿ, ನೀರಿನ ಜಗ್ಗು. ಹೆಂಡತಿ ಹೊರಗೆ ಕೂತರು. ಸಮಾಲೋಚಕಿ ಬಾಗಿಲು ಹಾಕಿದರು.

"ಇಲ್ಲಿ ಆಡಿದ ಮಾತನ್ನ ನಾನು ಹೊರಗೆ ಹೇಳಲ್ಲ. ಯಾರ ಜೀವಕ್ಕಾದರೂ ಅಪಾಯ ಅನಿಸಿದ್ರೆ ಮಾತ್ರ ಬೇರೆಯವರ ಸಹಾಯ ಕೇಳ್ತೀನಿ. ಆ ದಿನ ಏನಾಯ್ತು? ಆಗುವಷ್ಟು ಹೇಳಿ, ಸಾಕು."

ಅಲ್ಲಿಯವರೆಗೆ ಎಲ್ಲರೂ "ನಿನ್ನ ತಪ್ಪಲ್ಲ ಬಿಡಯ್ಯಾ" ಎಂದು ಬಾಯಿ ಮುಚ್ಚಿಸಿದ್ದವರೇ. ಏನಾಯ್ತು ಎಂದು ಕೇಳಿದವರು ಇವರೊಬ್ಬರೇ. ಅಣ್ಣ ಹೇಳತೊಡಗಿದರು.

"ಮೇಷ್ಟ್ರು 'ಯಾಕೋ ಬೆವರ್ತಿದೆ ಕಣಯ್ಯಾ' ಅಂದ್ರು, ಮೇಡಂ. ನನ್ನ ಕತ್ತಿಗೆ ಹೆದರಿದ್ರಾ ಮೇಷ್ಟ್ರೇ ಅಂತ ತಮಾಷೆ ಮಾಡ್ದೆ. ನಕ್ಕರು. ಆಮೇಲೆ ಮಾತೇ ಆಡ್ಲಿಲ್ಲ."

ಹೆಂಡತಿಗೂ ಹೇಳದ ಮಾತದು. ಅಣ್ಣ ಬಿಕ್ಕಿ ಬಿಕ್ಕಿ ಅತ್ತರು. ಸಮಾಲೋಚಕಿ ಅಳಬೇಡಿ ಎನ್ನಲಿಲ್ಲ. ನೀರು ಕೊಟ್ಟು ಕಾದರು. ಆಮೇಲೆ ಕೇಳಿದರು: "ಆ ಗಳಿಗೇಲಿ ನಿಮಗೆ ಗೊತ್ತಿದ್ದದ್ದೇನು?"

"ಬೆವರು ಅಂತ ಅಷ್ಟೇ."

"ಈಗ ಗೊತ್ತಿರೋದನ್ನ ಇಟ್ಕೊಂಡು ಆಗಿನ ನಿಮ್ಮನ್ನ ಬೈತಾ ಇದ್ದೀರಿ. ದುಃಖ ಇರಲಿ, ಅವರು ನಿಮಗೆ ಬೇಕಾದವರು. ಶಿಕ್ಷೆ ಯಾಕೆ?"

ಒಂದೇ ಭೇಟಿಯಲ್ಲಿ ಎಲ್ಲ ಸರಿಹೋಗಲಿಲ್ಲ. ಅಣ್ಣ ವಾರವಾರವೂ ಹೋದರು. ಒಮ್ಮೆ ಸಮಾಲೋಚಕಿ, "ಕೆಲಸ ಕಲಿಯುವಾಗ ಮೊದಲು ರೇಜರ್ ಇಟ್ಟದ್ದು ಯಾರ ಕೆನ್ನೆ ಮೇಲೆ?" ಎಂದರು.

"ಕೆನ್ನೆ ಎಲ್ಲಿ ಬಂತು ಮೇಡಂ? ಬಲೂನು! ನೊರೆ ಹಚ್ಚಿ, ಒಡೀದ ಹಾಗೆ ಬೋಳಿಸಬೇಕು."

"ಹಾಗಾದ್ರೆ ಅಲ್ಲಿಂದಲೇ ಶುರು ಮಾಡೋಣ. ಕೈ ನಡುಗಿದ್ರೆ ರೇಜರ್ ಕೆಳಗಿಟ್ಟು ನಿಧಾನಕ್ಕೆ ಉಸಿರು ಬಿಡಿ. ಆಮೇಲೆ ಮತ್ತೆ ಹಿಡೀರಿ. ಅಲ್ಲಿಂದ ಎದ್ದು ಮಾತ್ರ ಹೋಗ್ಬೇಡಿ."

ಮನೆಯಲ್ಲಿ ಮೊದಲ ಬಲೂನು ಢಬ್ಬೆಂದಿತು. ನೊರೆ ಹಾರಿ ಹೆಂಡತಿಯ ಮೂಗಿನ ಮೇಲೆ ಕೂತಿತು.

"ಇದೆಲ್ಲ ಆಗೋ ಹೋಗೋ ಮಾತಲ್ಲ" ಎಂದು ಅಣ್ಣ ರೇಗಿದರು.

"ಊದೋಳು ನಾನು, ನಿಮಗೇನ್ರೀ ಕಷ್ಟ?" ಎನ್ನುತ್ತ ಆಕೆ ಮೂಗು ಒರೆಸಿಕೊಂಡು ಇನ್ನೊಂದನ್ನು ಊದಿದರು. ಬಲೂನುಗಳು ಒಡೆಯುವುದು ನಿಂತ ಮೇಲೆ ಭಾವಮೈದ ದೇವರ ಮೇಲೆ ಭಾರ ಹಾಕಿ ಕೆನ್ನೆ ಒಡ್ಡಿದ. ಅವನ ಕೆನ್ನೆಗೂ ಏನೂ ಆಗಲಿಲ್ಲ.

ಒಂದು ಭಾನುವಾರ ಅಂಗಡಿ ತುಂಬಿತ್ತು. ಗಿರಾಕಿಯೊಬ್ಬರು "ಶೇವಿಂಗ್" ಎಂದರು. ಅಣ್ಣ "ಕೂತ್ಕೊಳ್ಳಿ" ಎಂದರು. ಅರ್ಧ ಕೆನ್ನೆ ಮುಗಿಯುವಾಗ ಕೈ ಮತ್ತೆ ನಡುಗಿತು. ಅಣ್ಣ ರೇಜರ್ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: "ಒಂದು ನಿಮಿಷ ಇರಿ ಸ್ವಾಮಿ. ಮೇಷ್ಟ್ರು ಹೋದಾಗಿನಿಂದ ಕೈ ಹೀಗೆ. ಆಸ್ಪತ್ರೇಲಿ ಸಮಾಲೋಚನೆಗೆ ಹೋಗ್ತಿದ್ದೀನಿ. ಈಗ ನಿಲ್ಲುತ್ತೆ."

ಯಾರೂ ನಗಲಿಲ್ಲ. ಅಣ್ಣ ಉಸಿರು ಬಿಟ್ಟರು, ರೇಜರ್ ಎತ್ತಿಕೊಂಡರು, ಕೆಲಸ ಮುಗಿಸಿದರು.

ಎಲ್ಲರೂ ಹೋದ ಮೇಲೆ ಬೆಂಚಿನಲ್ಲಿ ಲಾರಿ ಡ್ರೈವರ್ ಒಬ್ಬರೇ ಉಳಿದಿದ್ದರು. "ಆ ಮೇಡಂ ಯಾವತ್ತು ಸಿಗ್ತಾರಣ್ಣ? ನನಗೂ ಒಂದು..." ಎಂದು ಮಾತು ನುಂಗಿದರು.

"ನಾಳೆ ಇರ್ತಾರೆ. ಅಂಗಡಿ ಮುಚ್ಚಿ ನಾನೇ ಕರ್ಕೊಂಡು ಹೋಗ್ತೀನಿ" ಎಂದರು ಅಣ್ಣ.

ಓದುಗರೇ, ನಿದ್ದೆ ಕೆಟ್ಟಿದೆಯೇ? ಸಣ್ಣದಕ್ಕೂ ಸಿಡುಕುತ್ತಿದ್ದೀರಾ? ಇಷ್ಟದ ಕೆಲಸವೇ ಬೇಡವೆನಿಸಿದೆಯೇ? ಹತ್ತಿರದ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚನೆ ಎಲ್ಲಿ ಸಿಗುತ್ತದೆಂದು ಕೇಳಿ. ಸಂಕೋಚವಾದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮಗೆ ಅಂಥ ತೊಂದರೆಯೇನೂ ಇಲ್ಲವೇ? ಹಾಗಾದರೆ ಜೊತೆಗೆ ಹೋಗುವವರು ನೀವಾಗಿ.