ದವಡೆಹಲ್ಲಿನ ಲೇಪ

ಮಗಳು ನೀಲಿಯ ಬಾಯಲ್ಲಿ ರಕ್ತ ಬಂದ ಸುದ್ದಿಯನ್ನು ಪ್ರೇಮವ್ವನಿಗೆ ಮೊದಲು ಹೇಳಿದವಳು ಅತ್ತೆಯಲ್ಲ, ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಕುಲ್ಸುಮಬಿ. ಮಾಲು ಬರುವ ದಿನಗಳಲ್ಲಿ ಬ್ಯಾಡಗಿಯ ಯಾವ ವ್ಯಾಪಾರಸ್ಥರ ಅಂಗಳದಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಒಂದು ಮಗ್ಗುಲಿಗೆ ಕೆಂಪು ರಾಶಿ, ಇನ್ನೊಂದು ಮಗ್ಗುಲಿಗೆ ಖಾಲಿ ಚೀಲ, ನಡುವೆ ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣಾಳುಗಳ ಸಾಲು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಸಂಜೆ ಮನೆಗೆ ಬಂದ ಪ್ರೇಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಸಾಲು ದಾಟುತ್ತಿದ್ದಾಗ ಕುಲ್ಸುಮಬಿ ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು.

"ಬಾಯಾರ, ಸಣ್ಣಾಕಿ ಹಲ್ಲಾಗಿನ ಹುಳ ತಗಸ್ಯಾರ್ರಿ ಅವ್ವಾರು. ಜಟ್ಟೆಪ್ಪ ಬಂದಿದ್ದ. ರಕ್ತ ಭಾಳ ಹೋತು. ನೋಡ್ರಿ ಒಂಚೂರು."

ನೀಲಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಏಳು ವರ್ಷದ ಹುಡುಗಿ. ಅತ್ತು ಅತ್ತು ಕಣ್ಣು ಬಾತಿದ್ದವು. ಪ್ರೇಮವ್ವ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿದಳು. ಮೇಲಿನ ದವಡೆಹಲ್ಲುಗಳು ಹಾಗೆಯೇ ಇದ್ದವು. ಕೆಳಗಿನ ಎರಡರ ಮೇಲೆ ಇರಬೇಕಾದ ಬಿಳಿ ಲೇಪ ಇರಲಿಲ್ಲ. ಸುತ್ತಲಿನ ವಸಡು ಹರಿದಿತ್ತು. ಬಲಗಡೆಯ ಹಲ್ಲಿನ ನಡುವಿನ ಗೀರಿನಲ್ಲಿ ಯಾರೋ ಮೊಳೆಯಿಂದ ಕೆತ್ತಿದಂತೆ ಒಂದು ಕಚ್ಚು ಬಿದ್ದಿತ್ತು.

ಪ್ರೇಮವ್ವ ಬ್ಯಾಟರಿ ಆರಿಸಿದಳು. ಸಿಟ್ಟು ಅವಳಿಗೆ ಹೊಸದಲ್ಲ. ಆದರೆ ಈ ಸಲ ಅದು ಅಂಗಾಲಿನಿಂದ ನೆತ್ತಿಯವರೆಗೆ ಏರಿ ಅಲ್ಲೇ ನಿಂತುಬಿಟ್ಟಿತು.

ಆ ಹಲ್ಲುಗಳ ಬೆಲೆ ಏನೆಂಬುದು ಅವಳಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವಳ ಕೆಳದವಡೆಯ ಇದೇ ಎರಡು ಹಲ್ಲು ಹುಳುಕಾಗಿ, ರಾಣೆಬೆನ್ನೂರಿನ ತವರುಮನೆಯಲ್ಲಿ ಹಿರಿಯರೆಲ್ಲ ಸೇರಿ, ಹಾಲುಹಲ್ಲಲ್ಲವೇ, ಹೋದರೆ ಮತ್ತೆ ಬರುತ್ತದೆ ಎಂದು ಕೀಳಿಸಿದ್ದರು. ಮತ್ತೆ ಬರಲಿಲ್ಲ. ಆರನೆಯ ವರ್ಷಕ್ಕೆ ದವಡೆಯ ಹಿಂಬದಿಯಲ್ಲಿ ಹುಟ್ಟುವ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವುದಿಲ್ಲ. ಸದ್ದಿಲ್ಲದೆ ಖಾಲಿ ಜಾಗದಲ್ಲಿ ಮೂಡುತ್ತದೆ. ಅದಕ್ಕೇ ಮನೆಯವರು ಅದನ್ನೂ ಹಾಲುಹಲ್ಲುಗಳ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಬಿ.ಎಸ್ಸಿ. ಓದುವಾಗ ಈ ಸಂಗತಿ ತಿಳಿದ ದಿನ ಅವಳು ಹಾಸ್ಟೆಲಿನಲ್ಲಿ ಊಟ ಬಿಟ್ಟು ಎದ್ದಿದ್ದಳು. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿನ್ನಲು ಇಂದಿಗೂ ಅವಳಿಗೆ ಆಗುತ್ತಿರಲಿಲ್ಲ.

ಹಾಗಾಗಿ ನೀಲಿಗೆ ಆ ಹಲ್ಲುಗಳು ಪೂರ್ತಿ ಮೇಲೆ ಬಂದ ಕೂಡಲೇ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಮನೆಯಲ್ಲಿ ಕೇಳಿದ್ದಳು. ನೋವಿಲ್ಲದ ಮಗುವನ್ನು ಡಾಕ್ಟರರ ಬಾಗಿಲಿಗೆ ಒಯ್ಯುವುದು ರೋಗವನ್ನು ಕರೆದು ಮಣೆ ಹಾಕಿದಂತೆ ಎಂದು ಅತ್ತೆ ಸುಶೀಲವ್ವ ಹೇಳಿದಳು. ಗಂಡ ಚಂದ್ರಶೇಖರ, ಸೀಜನ್ ಮುಗಿಯಲಿ, ಆಮೇಲೆ ನೋಡೋಣ ಎಂದ. ಆ ಮನೆಯಲ್ಲಿ ಆಮೇಲೆ ನೋಡುವ ವಿಷಯಗಳು ಯಾವತ್ತೂ ಆಮೇಲೆಯೇ ಉಳಿಯುತ್ತಿದ್ದವು. ಪ್ರೇಮವ್ವ ವಾದ ಮಾಡಲಿಲ್ಲ. ಸಂಕ್ರಾಂತಿಗೆ ತವರಿಗೆ ಹೋಗುವ ನೆಪ ಮಾಡಿ, ರಾಣೆಬೆನ್ನೂರಿನಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದ ಡಾಕ್ಟರ್ ವಿರೂಪಾಕ್ಷನ ಕುರ್ಚಿಯಲ್ಲಿ ಮಗಳನ್ನು ಕೂರಿಸಿದಳು.

ವಿರೂಪಾಕ್ಷ ಆ ಕೆಲಸಕ್ಕೆ ಸೀಲಂಟ್ ಎಂದ. ದವಡೆಹಲ್ಲಿನ ನೆತ್ತಿಯ ಮೇಲಿರುವ ಗೀರುಗಳು ಬ್ರಶ್ಶಿನ ಕೂದಲೂ ಇಳಿಯದಷ್ಟು ಇಕ್ಕಟ್ಟು. ಹುಳುಕು ಶುರುವಾಗುವುದೇ ಅಲ್ಲಿ. ಆ ಗೀರುಗಳನ್ನು ಮೊದಲೇ ಮುಚ್ಚಿಬಿಟ್ಟರೆ ಸಿಹಿಯೂ ಕ್ರಿಮಿಯೂ ಒಳಗೆ ಇಳಿಯುವುದಿಲ್ಲ. ಹಲ್ಲನ್ನು ತಿಕ್ಕಿ ತೊಳೆದು ಅದರ ಮೇಲೆ ಆಮ್ಲ ಹಚ್ಚಿದ. ಮತ್ತೆ ತೊಳೆದು ಗಾಳಿ ಊದಿ ಒಣಗಿಸಿದಾಗ ಹೊಳೆಯುತ್ತಿದ್ದ ಹಲ್ಲು ಸೀಮೆಸುಣ್ಣದಂತೆ ಮಂಕಾಯಿತು. ಕಣ್ಣಿಗೆ ಕಾಣದ ಸಣ್ಣ ಸಣ್ಣ ಕುಳಿಗಳು ಬಿದ್ದಿವೆ, ಲೇಪ ಅದರೊಳಗೆ ಬೇರು ಬಿಡುತ್ತದೆ ಎಂದು ವಿವರಿಸಿದ. ಎರಡು ಸೀಸೆಗಳಿಂದ ಒಂದೊಂದು ಹನಿ ಬೆರೆಸಿ ಕುಂಚದ ತುದಿಯಿಂದ ಗೀರುಗಳಿಗೆ ತುಂಬಿದ. ನೋಡುತ್ತಿದ್ದಂತೆ ಅದು ಬೆಳ್ಳಗೆ ಗಟ್ಟಿಯಾಯಿತು. ಪ್ರೇಮವ್ವ ಉಸಿರು ಬಿಗಿಹಿಡಿದು ನೋಡಿದಳು. ತನ್ನ ಬಾಯಲ್ಲಿ ಆಗದೆ ಹೋದದ್ದು ಮಗಳ ಬಾಯಲ್ಲಿ ಆಯಿತು.

ಬಸ್ಸಿನಲ್ಲಿ ಮರಳುವಾಗ ಮಗಳಿಗೆ ಒಂದೇ ಮಾತು ಹೇಳಿದ್ದಳು: ಮನೆಯಲ್ಲಿ ಯಾರಿಗೂ ಹೇಳಬೇಡ.

ಈಗ ನೀಲಿ ಬಿಕ್ಕುತ್ತ ನಡೆದದ್ದನ್ನು ಹೇಳಿದಳು. ಮಧ್ಯಾಹ್ನ ಆಯಿ, ಅಂದರೆ ಅಜ್ಜಿ ಸುಶೀಲವ್ವ, ಶೇಂಗಾ ಉಂಡಿ ಕೊಟ್ಟಿದ್ದಳು. ಹಿಂದೆ ಸಿಕ್ಕಿಕೊಂಡಿದೆ ಎಂದು ಬಾಯಿ ತೆರೆದು ತೋರಿಸಿದಾಗ ಆಯಿಯ ಕಣ್ಣಿಗೆ ಬಿಳಿಯದು ಬಿತ್ತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಹುಳ ಗೂಡು ಕಟ್ಟಿದೆ ಎಂದು ಗಾಬರಿಬಿದ್ದು, ಸಂತೆಯ ಬಯಲಿನಲ್ಲಿ ಕೂರುವ ಜಟ್ಟೆಪ್ಪನನ್ನು ಕರೆಸಿದಳು. ಅವನು ಕೆಂಡದ ಮೇಲೆ ಬೀಜ ಹಾಕಿ, ಕೊಳವೆಯಿಂದ ಬಾಯೊಳಗೆ ಹೊಗೆ ಬಿಟ್ಟು, ಕೊಕ್ಕೆ ಹಾಕಿ ಕೆತ್ತಿದ. ತಾಟಿನ ನೀರಿನಲ್ಲಿ ಉಗುಳಿಸಿ ಬಿಳಿ ಹುಳ ತೋರಿಸಿದ.

"ಹೇಳಬೇಕಿತ್ತಲ್ಲ ಆಯಿಗೆ, ಡಾಕ್ಟರ್ ಹಚ್ಚಿದ್ದದು ಅಂತ."

"ನೀನ ಹೇಳಬ್ಯಾಡ ಅಂದಿದ್ದಿಯಲ್ಲ ಮಮ್ಮಿ," ಎಂದಳು ನೀಲಿ.

ಆ ಮಾತು ಪ್ರೇಮವ್ವನ ಸಿಟ್ಟನ್ನು ಇಳಿಸಲಿಲ್ಲ. ಎಲ್ಲಿ ಹೊರಳಬೇಕೋ ತಿಳಿಯದೆ ಅದು ಇನ್ನಷ್ಟು ಕುದಿಯಿತು. ಅವಳು ನೇರ ಅಂಗಳಕ್ಕೆ ಬಂದಳು. ಸುಶೀಲವ್ವ ಕಟ್ಟೆಯ ಮೇಲೆ ಕೂತು ಆಳುಗಳ ಕೆಲಸ ನೋಡುತ್ತಿದ್ದಳು. ಸೊಸೆಯನ್ನು ಕಂಡವಳೇ, ಮಗುವಿನ ಹಲ್ಲಿನ ಕಡೆಗೆ ಲಕ್ಷ್ಯ ಕೊಡದ ತಾಯಿ ಊರ ಮಕ್ಕಳಿಗೆ ಏನು ಕಲಿಸುತ್ತಾಳೋ ಎಂದು ರಾಗ ಎಳೆದಳು. ಹೆಣ್ಣಾಳುಗಳು ಬಟ್ಟೆಯ ಹಿಂದೆ ನಕ್ಕರು.

ಪ್ರೇಮವ್ವ ದನಿ ಏರಿಸಲಿಲ್ಲ. ಪಾಠ ಹೇಳುವವಳಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು: ಅದು ಹುಳವಲ್ಲ, ಹುಳ ಹತ್ತಬಾರದೆಂದು ಹಚ್ಚಿಸಿದ್ದ ಲೇಪ, ಆ ಹಲ್ಲು ಬಿದ್ದು ಮತ್ತೆ ಬರುವಂಥದ್ದಲ್ಲ. ಸುಶೀಲವ್ವ ಒಪ್ಪಲಿಲ್ಲ. ನೀರಿನಲ್ಲಿ ಹುಳ ತೇಲಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ತಾನೂ ಹರೆಯದಿಂದ ಹೀಗೆಯೇ ತೆಗೆಸುತ್ತ ಬಂದವಳು, ತನಗೇನಾಗಿದೆ ಎಂದಳು.

ಆಗ ಪ್ರೇಮವ್ವನ ಬಾಯಿಂದ ಆ ಮಾತು ಬಂತು.

"ಏನಾಗೈತಿ ಅಂತ ನಾ ಹೇಳ್ಲೇನ್ರಿ ಅತ್ತಿ? ಹುಳ ತಗಸಿ ತಗಸಿ ನಿಮ್ಮ ಬಾಯಾಗ ನಿಮ್ಮದು ಅಂಬೋದು ಒಂದರ ಹಲ್ಲ ಉಳದೈತೇನ? ರಾತ್ರಿ ನೀರಿನ ವಾಟ್ಯಾಗ ನೆನಿ ಇಡೋದು ಯಾರ ಹಲ್ಲರಿ?"

ಅಂಗಳದಲ್ಲಿ ತೊಟ್ಟು ಮುರಿಯುವ ಸದ್ದು ನಿಂತಿತು. ಸುಶೀಲವ್ವ ಹುಬ್ಬಳ್ಳಿಗೆ ಹೋಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡದ್ದು ಮನೆಯ ನಾಲ್ಕು ಗೋಡೆಗಳ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲೂ ಮುತ್ತಿನಂಥ ಹಲ್ಲು ಎಂದು ಓಣಿಯ ಹೆಂಗಸರು ಹೊಗಳಿದಾಗಲೆಲ್ಲ ಅವಳು ಬೇವಿನಕಡ್ಡಿಯ ಗುಣ ಹೇಳುತ್ತಿದ್ದಳು. ಈಗ ಅವಳು ತುಟಿ ಬಿಗಿದುಕೊಂಡಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಎದ್ದು ಒಳಗೆ ಹೋದಳು.

ಅಂಗಡಿಯಿಂದ ಬಂದ ಚಂದ್ರಶೇಖರ ಎಲ್ಲವನ್ನೂ ಕೇಳಿ, ಇಬ್ಬರದೂ ತಪ್ಪಿದೆ ಎಂದ. ಒಂದು ಹಲ್ಲಿನ ಸಲುವಾಗಿ ಆಳುಗಳ ಮುಂದೆ ಮನೆಯ ಮರ್ಯಾದೆ ತೆಗೆಯಬೇಕಾಗಿತ್ತೇ ಎಂದೂ ಕೇಳಿದ. ಮೆಣಸಿನಕಾಯಿಗೆ ನೀರು ಹೊಡೆದು ತೂಕ ಹೆಚ್ಚಿಸಿದವನನ್ನು ನೀವು ಇಡೀ ಮಾರುಕಟ್ಟೆಯ ಮುಂದೆ ಬೈದು ಬರುತ್ತೀರಿ, ಮಗಳ ಹಲ್ಲು ಕೆತ್ತಿದವನಿಗೆ ಒಂದು ಮಾತೂ ಅನ್ನುವುದಿಲ್ಲವಲ್ಲ ಎಂದಳು ಪ್ರೇಮವ್ವ. ಅವನು ಊಟದ ತಾಟಿನ ಮೇಲೆ ಬಗ್ಗಿದ.

ಮರುದಿನ ಸಂತೆ. ಹೊತ್ತು ಏರಿದ ಮೇಲೆ ಸುಶೀಲವ್ವ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ನಡಿ," ಎಂದಳು. ಪ್ರೇಮವ್ವ ಚಪ್ಪಲಿ ಮೆಟ್ಟಿ ಹಿಂದೆ ಹೊರಟಳು.

ಜಟ್ಟೆಪ್ಪ ಬಯಲಿನ ಅಂಚಿನಲ್ಲಿ ಗೋಣಿಚೀಲ ಹಾಸಿ, ಕಿತ್ತ ಹಲ್ಲುಗಳನ್ನು ರಾಶಿ ಹಾಕಿಕೊಂಡು ಕೂತಿದ್ದ. ಸುತ್ತ ನಾಲ್ಕಾರು ಜನ ನೆರೆದಿದ್ದರು. ಸಾಹುಕಾರರ ಮನೆಯ ಹಿರಿಯಳು ಬಂದದ್ದು ಕಂಡು ಎದ್ದು ಕೈ ಮುಗಿದು, ಕೂಸು ಹೇಗಿದೆ ಎಂದು ವಿಚಾರಿಸಿದ. ಸುಶೀಲವ್ವ ಅವನ ಎದುರು ಕೂತು, ತನಗೂ ರಾತ್ರಿಯಿಂದ ದವಡೆಹಲ್ಲು ಸೆಳೆಯುತ್ತಿದೆ, ಹುಳ ಇದೆಯೇನೋ ನೋಡು ಎಂದಳು. ಪ್ರೇಮವ್ವನಿಗೆ ಅತ್ತೆಯ ಲೆಕ್ಕ ಆಗ ತಿಳಿಯಿತು.

ದೊಡ್ಡ ಮನೆಯ ಹೆಂಗಸರ ಬಾಯಿಗೆ ಜಟ್ಟೆಪ್ಪ ಕೈ ಹಾಕುತ್ತಿರಲಿಲ್ಲ. ಅವರು ತಲೆಯ ಮೇಲೆ ಸೆರಗು ಹೊದ್ದು ಬಗ್ಗಬೇಕು, ಕೊಳವೆಯನ್ನು ತಾವೇ ಬಾಯಲ್ಲಿ ಹಿಡಿಯಬೇಕು. ಸೆರಗಿನ ಹೊರಗೆ ಕೂತು ಅವನು ಹೊಗೆ ಊದುತ್ತಿದ್ದ. ಈ ಮರ್ಯಾದೆಯಿಂದಾಗಿಯೇ ಅವನಿಗೆ ಅಂಥ ಮನೆಗಳಲ್ಲಿ ಹೆಸರಿತ್ತು. ಅವನು ಕೆಂಡದ ಮೇಲೆ ಕಾಡುಬದನೆ ಜಾತಿಯ ಗುಳ್ಳದ ಬೀಜಕ್ಕೆ ತುಪ್ಪ ಸವರಿ ಹಾಕಿದ. ಚಿಟಪಟ ಎಂದಿತು, ಹೊಗೆ ಎದ್ದಿತು. ಸುಶೀಲವ್ವ ಸೆರಗಿನೊಳಗೆ ಕೆಮ್ಮಿದಳು. ತಾಟಿನ ನೀರಿಗೆ ಉಗುಳಿಸಿ, ಅದರ ಮೇಲೊಮ್ಮೆ ಕೈ ಆಡಿಸಿ, ಜಟ್ಟೆಪ್ಪ ತಾಟನ್ನು ಎಲ್ಲರ ಕಡೆಗೆ ತಿರುಗಿಸಿದ. ನೀರಿನಲ್ಲಿ ಅಕ್ಕಿಯ ನುಚ್ಚಿನಂಥ ಬಿಳಿ ಹುಳಗಳು ತೇಲುತ್ತಿದ್ದವು.

"ಎಷ್ಟ ಅದಾವು ನೋಡ್ರಿ ಅವ್ವಾರ. ಇನ್ನೊಂದ ವಾರ ಬಿಟ್ಟಿದ್ರ ಹಲ್ಲ ತಿಂದ ಹಾಕ್ತಿದ್ದುವು."

ಸುಶೀಲವ್ವ ಸೆರಗು ಸರಿಸಿದಳು. ಎರಡೂ ಕೈಯನ್ನು ಬಾಯಿಗೆ ಒಯ್ದು ಮೇಲಿನ ಸೆಟ್ಟನ್ನೂ ಕೆಳಗಿನ ಸೆಟ್ಟನ್ನೂ ತೆಗೆದು ಅವನ ಗೋಣಿಚೀಲದ ಮೇಲೆ ಇಟ್ಟಳು. ಕೆನ್ನೆಗಳು ಒಳಗೆ ಕುಸಿದು ಅವಳ ಮುಖ ಒಮ್ಮೆಲೇ ಬೇರೆ ಯಾರದೋ ಆಯಿತು.

"ಯಾವ ಹಲ್ಲ ತಿಂತಿದ್ದುವೋ ಮೂಳ?" ಎಂದಳು. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು. "ಹುಬ್ಬಳ್ಳ್ಯಾಗ ಮಾಡಿಸಿದ ಹಲ್ಲಿಗೆ ಹುಳ ಎಲ್ಲಿಂದ ಬಂದುವು? ನನ್ನ ಮೊಮ್ಮಗಳ ಹಲ್ಲ ಯಾಕ ಕೆತ್ತೀದಿ?"

ಜನ ನಕ್ಕರು. ಆದರೆ ಅವರು ನಕ್ಕದ್ದು ಜಟ್ಟೆಪ್ಪನನ್ನು ನೋಡಿ ಅಲ್ಲ. ಹಣ್ಣುಮುದುಕಿಯಾಗಿಬಿಟ್ಟ ಆ ಮುಖವನ್ನು ನೋಡಿ, ಆ ತೊದಲನ್ನು ಕೇಳಿ ನಕ್ಕರು. ಹಿಂದಿನಿಂದ ಒಬ್ಬ, ಸಾಹುಕಾರ್ತಿ ಹಲ್ಲು ಮಾರಲು ತಂದಿದ್ದಾಳೆ ಎಂದ. ಜಟ್ಟೆಪ್ಪ ಒಂದು ಗಳಿಗೆ ತಬ್ಬಿಬ್ಬಾದವನು ಆ ನಗುವಿನ ಆಸರೆ ಹಿಡಿದು ಚೇತರಿಸಿಕೊಂಡ. ಹಲ್ಲು ಹೋದರೂ ಹುಳ ವಸಡಿನಲ್ಲಿ ಉಳಿಯುತ್ತದೆ, ಅದಕ್ಕೇ ಸೆಳೆತ ಎಂದ. ಪ್ರೇಮವ್ವ ಮುಂದೆ ಬಂದು, ಹಾಗಿದ್ದರೆ ಯಾರ ಬಾಯಿಯೂ ಇಲ್ಲದೆ ಬರಿಯ ನೀರಿನ ಮೇಲೆ ಅದೇ ಬೀಜದ ಹೊಗೆ ಹಿಡಿ, ಹುಳ ಬರುತ್ತವೆಯೋ ಇಲ್ಲವೋ ಎಲ್ಲರೂ ನೋಡಲಿ ಎಂದಳು. ಬೀಜ ಸಿಡಿದಾಗ ಒಳಗಿನ ಮೊಳಕೆ ಹೊಗೆಯೊಡನೆ ಹೊರಬೀಳುತ್ತದೆ, ನೀವು ಹುಳ ಎನ್ನುವುದು ಅದನ್ನೇ ಎಂದು ಜನರಿಗೆ ತಿಳಿಹೇಳತೊಡಗಿದಳು. ಅವಳ ಮಾತು ಮುಗಿಯುವ ಮೊದಲೇ, ಕೆನ್ನೆ ಬಾತಿದ್ದ ಒಬ್ಬ ಹಮಾಲ ಅವಳನ್ನು ಸರಿಸಿ, ಬಾಯಾರ, ಪಾಠ ಸಾಲಿಯೊಳಗೆ ಹೇಳ್ರಿ, ನನಗೆ ತಡೆಯಲಾರದ ಬ್ಯಾನಿ ಇದೆ ಎನ್ನುತ್ತ ಜಟ್ಟೆಪ್ಪನ ಎದುರು ಕುಕ್ಕರಿಸಿದ. ಜಟ್ಟೆಪ್ಪ ಕೆಂಡ ಊದಿದ.

ಪ್ರೇಮವ್ವನಿಗೆ ಆ ಕೆಂಡವನ್ನು ಒದ್ದುಬಿಡಬೇಕೆನಿಸಿತು. ಕಾಲು ಎತ್ತಿದ್ದಳೂ ಸಹ. ಸುಶೀಲವ್ವ ಅವಳ ರಟ್ಟೆ ಹಿಡಿದಳು. ಗೋಣಿಚೀಲದ ಮೇಲಿನ ಹಲ್ಲುಗಳನ್ನು ಎತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. ಇಡೀ ಸಂತೆಯ ನಡುವೆ ಹಾಗೆಯೇ ನಡೆದು ಮನೆಗೆ ಬಂದಳು.

ಎರಡು ದಿನ ಬಿಟ್ಟು, ವಸಡಿನ ಬಾವು ಇಳಿದ ಮೇಲೆ, ಮೂವರೂ ರಾಣೆಬೆನ್ನೂರಿಗೆ ಹೋದರು. ವಿರೂಪಾಕ್ಷ ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಎಡಗಡೆಯ ಹಲ್ಲಿಗೆ ಮತ್ತೆ ಲೇಪ ಹಚ್ಚಬಹುದು ಎಂದ. ಬಲಗಡೆಯದು ಹಾಗಲ್ಲ, ಕೊಕ್ಕೆ ಹಲ್ಲಿನ ಗಟ್ಟಿ ಪದರವನ್ನು ಒಡೆದು ಒಳಗಿಳಿದಿದೆ, ಯಂತ್ರದಿಂದ ಕೊರೆದು ಸಿಮೆಂಟು ತುಂಬಬೇಕು. ಎಷ್ಟು ವರ್ಷ ಬಾಳುತ್ತದೆ ಎಂದು ಪ್ರೇಮವ್ವ ಕೇಳಿದಳು. ತುಂಬಿದ್ದು ಸವೆದಂತೆ ಮತ್ತೆ ಮತ್ತೆ ತುಂಬಿಸುತ್ತಿರಬೇಕಾಗುತ್ತದೆ, ಕೆತ್ತದೆ ಇದ್ದಿದ್ದರೆ ಇದಾವುದೂ ಬೇಕಿರಲಿಲ್ಲ ಎಂದು ಅವನು ಸುಳ್ಳು ಸಮಾಧಾನವಿಲ್ಲದೆ ಹೇಳಿದ. ಆ ಒಂದು ಮಾತಿಗೆ ಪ್ರೇಮವ್ವನ ಎದೆಯಲ್ಲಿ ಆರಿದ್ದಂತೆ ಕಂಡದ್ದು ಮತ್ತೆ ಭಗ್ಗೆಂದಿತು.

ಯಂತ್ರದ ಸದ್ದಿಗೆ ನೀಲಿ ಕುರ್ಚಿಯಲ್ಲಿ ಹೊರಳಾಡಿದಳು. ತಲೆ ಅಲುಗಿದರೆ, ಹಲ್ಲಿಗೆ ಎಂಜಲು ತಾಗಿದರೆ ಕೆಲಸ ಕೆಡುತ್ತದೆ, ಇಬ್ಬರೂ ಹಿಡಿದುಕೊಳ್ಳಿ ಎಂದ ವಿರೂಪಾಕ್ಷ. ಸುಶೀಲವ್ವ ಮೊಮ್ಮಗಳ ಹಣೆಯನ್ನು ಹಿಡಿದಳು, ಪ್ರೇಮವ್ವ ಕೈಗಳನ್ನು. ಕುರ್ಚಿಯ ಆಚೆ ಈಚೆ ಅತ್ತೆ ಸೊಸೆ ಮೂರು ದಿನಗಳಲ್ಲಿ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು.

"ಆಳಗೋಳ ಮುಂದ ಅಂದಿ ನೀ," ಎಂದಳು ಸುಶೀಲವ್ವ. "ನಾ ಅದನ್ನ ಮರಿಯಂಗಿಲ್ಲ."

"ಮರೀಬ್ಯಾಡ್ರಿ. ನಾನೂ ಈ ಹಲ್ಲ ಮರಿಯಂಗಿಲ್ಲ."

"ಅವತ್ತ ಲೇಪ ಹಚ್ಚಿಸಿಕೊಂಡ ಬಂದಾಗ ನನಗೊಂದ ಮಾತ ಹೇಳಬೇಕಿತ್ತು."

"ಹೇಳಿದ್ರ ನೀವು ಸುಮ್ನಿರ್ತಿದ್ರೇನ್ರಿ?"

ಸುಶೀಲವ್ವ ನೀಲಿಯ ಹಣೆಯ ಮೇಲಿನ ಹಿಡಿತ ಸಡಿಲಿಸದೆ ಹೆಬ್ಬೆರಳಿನಿಂದ ಅವಳ ಕೂದಲು ಸರಿಸಿದಳು.

"ಇಲ್ಲ. ವರ್ಷಾನಗಟ್ಟಲೆ ಬೈತಿದ್ದೆ ನಿನ್ನ," ಎಂದಳು. "ಆದ್ರ ಕೆತ್ತಸ್ತಿದ್ದಿಲ್ಲ."

ಯಂತ್ರ ಮತ್ತೆ ಸದ್ದು ಮಾಡತೊಡಗಿತು, ಪ್ರೇಮವ್ವ ಮಗಳ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.