ಕೂಗಾದ ಮೇಲೆ

"ಏ ಕಾಡುಮುಂಡೇದೆ, ಬಾಗಿಲಿಗೊಂದು ಬೋರ್ಡು ಹಾಕಿದ ತಕ್ಷಣ ಡಾಕ್ಟ್ರಾಗ್ಬಿಟ್ಯೇನೇ? ನಿಮ್ಮಪ್ಪ ನಮ್ಮ ಸಾರಾಯಿ ಕ್ಯಾನು ನೆಕ್ಕೊಂಡು ಬದುಕಿದೋನು. ಅವನ ಮಗಳು ಈಗ ಕುಡಿತ ಬಿಡಿಸ್ತಾಳಂತೆ!"

ಕ್ವಾರಿಯ ಮೇಸ್ತ್ರಿ ಚಪ್ಪಲಿ ಬಿಡದೆ ಒಳಗೆ ಬಂದು ನಿಂತಿದ್ದ. ನೆಲದ ಮೇಲೆ ಕೂತಿದ್ದ ಗಂಡಸರು ತಲೆ ತಗ್ಗಿಸಿದರು. ಎಲ್ಲರೂ ಕಲ್ಲು ಒಡೆಯುವವರು, ನನ್ನ ಜನ. ನಮ್ಮನ್ನು ಕಾಡಿನಿಂದ ಎಬ್ಬಿಸಿ ಈ ತಗಡಿನ ಸಾಲುಮನೆಗಳಿಗೆ ತಂದು ಸುರಿದಾಗ ಸಿಕ್ಕಿದ ಕೆಲಸ ಅದೊಂದೇ. ಆಮೇಲೆ ಈ ಕುಡಿತ ಬಿಡಿಸುವ ಕೇಂದ್ರ ಬಂತು. ನಾಲ್ಕಕ್ಷರ ಕಲಿತವಳು, ಅವರ ಮಾತು ಬಲ್ಲವಳು ಎಂದು ನನ್ನನ್ನು ಆಪ್ತಸಮಾಲೋಚಕಿ ಮಾಡಿದರು. ಆ ಪದ ನಮ್ಮವರ ಬಾಯಲ್ಲಿ ಹೊರಳುವುದಿಲ್ಲ. ಬುದ್ಧಿ ಹೇಳೋಳು ಅನ್ನುತ್ತಾರೆ. ಅಕ್ಕನ ಗಂಡನಿಗೆ ಮಾತ್ರ ನಾನು ಕೌನ್ಸೆಲರಮ್ಮ.

ಮೇಸ್ತ್ರಿ ಆ ಭಾವನ ಕಡೆಗೇ ಬೆರಳು ಮಾಡಿದ. "ನಾಳೆ ಬಂಡೆ ಸಿಡಿತ ಇದೆ. ಮದ್ದಿನ ಬತ್ತಿ ಹಚ್ಚೋನು ನೀನು. ಮುಚ್ಚಳ ಎತ್ತದೆ ಗುಂಡಿಗಿಳಿದ್ರೆ ಕಾಲು ಮುರೀತೀನಿ, ಸೂಳೆಮಗನೆ."

ದಿನಾ ಬೆಳಿಗ್ಗೆ ಕ್ವಾರಿಯ ಬಾಯಲ್ಲಿ ಸಾರಾಯಿ ಕ್ಯಾನು ಇಟ್ಟುಕೊಂಡು ನಿಲ್ಲುವವನು ಈ ಮೇಸ್ತ್ರಿಯೇ. ಕ್ಯಾನಿನ ಮುಚ್ಚಳದಲ್ಲಿ ಅಳೆದು ಕೊಡುತ್ತಾನೆ. ಅದು ಗಂಟಲಿಗೆ ಇಳಿದ ಮೇಲೆಯೇ ಕೈಗೆ ಹಾರೆ. ಕೈನಡುಕಕ್ಕೆ ಔಷಧಿಯಂತೆ. ನಡುಕ ಎಲ್ಲಿಂದ ಬಂತು ಅಂತ ಕೇಳಿದವನಿಗೆ ಮರುದಿನ ಕೆಲಸವಿಲ್ಲ.

ಮೇಸ್ತ್ರಿ ಹೋದ ಮೇಲೆ ಭಾವ ತಲೆ ಎತ್ತಿದ. ಮೊದಲ ಸಲ ಇಲ್ಲಿಗೆ ಬಂದಾಗ ಒಂದು ಲೋಟ ನೀರನ್ನು ಬಾಯಿಗೆ ಮುಟ್ಟಿಸಲಾಗದೆ ಅಂಗಿಯೆಲ್ಲ ನೆನೆಸಿಕೊಂಡಿದ್ದವನು. ಈಗ ಅಕ್ಕನಿಗೆ ದಿನ ತುಂಬಿದೆ. ಹುಟ್ಟುವ ಮಗುವನ್ನು ಎತ್ತಿಕೊಳ್ಳಲು ಗಟ್ಟಿ ಕೈ ಬೇಕು ಅಂತ ಕುಡಿತ ಬಿಟ್ಟಿದ್ದ.

"ಕೌನ್ಸೆಲರಮ್ಮ, ಒಂದು ಕೆಟ್ಟ ಕೆಲಸ ಮಾಡ್ಬಿಟ್ಟೆ ನೀನು," ಅಂದ. "ಕುಡಿದಾಗ ಬತ್ತಿ ಉದ್ದ ಕಾಣ್ತಿತ್ತು. ಈಗ ನೋಡಿದ್ರೆ ಗೇಣೂ ಇಲ್ಲ. ಹಚ್ಚಿ ಮೇಲೆ ಹತ್ತೋಕೆ ಆಗುತ್ತೇನೇ? ಇನ್ನಷ್ಟು ಉದ್ದ ಕೊಡಿ ಅಂದ್ರೆ, ಹೆಂಡ್ತಿಗೆ ಸೀರೆ ಅಳೀತಿದೀಯೇನೋ ಅಂತಾನೆ."

ಯಾರೋ ನಕ್ಕರು. ಭಾವ ನಗಲಿಲ್ಲ. "ಅದೂ ಹಾಳಾಗಿ ಹೋಗ್ಲಿ. ನಂಗೆ ಮಾವ ಕೂಗೋದು ಕೇಳ್ಸುತ್ತೆ."

ನಗು ನಿಂತಿತು. ಮಾವ ಅಂದರೆ ನನ್ನ ಅಪ್ಪ.

ಅಪ್ಪನೂ ಬತ್ತಿ ಹಚ್ಚುವವನೇ ಆಗಿದ್ದ. ಹಚ್ಚುವ ಮುಂಚೆ "ಬತ್ತೀ... ಮೇಲೇ..." ಅಂತ ಕೂಗುತ್ತಿದ್ದ. ಆ ಕೂಗು ಕಿವಿಗೆ ಬಿದ್ದರೆ ಎತ್ತಿದ ಸುತ್ತಿಗೆಯನ್ನು ಅಲ್ಲೇ ಹಾಕಿ ಮೇಲಕ್ಕೆ ಓಡಬೇಕು. ಕೂಗಾದ ಮೇಲೆ ಸಿಡಿದ ಸದ್ದು ಕೇಳುವ ತನಕ ಯಾರೂ ಗುಂಡಿಗೆ ಇಳಿಯಬಾರದು, ಒಳಗೆ ಹೆತ್ತ ತಾಯಿಯೇ ಇದ್ದರೂ. ಗುಂಡಿಯಲ್ಲಿ ನಮ್ಮವರೇ ಮಾಡಿಕೊಂಡ ಕಟ್ಟಳೆ ಅದೊಂದೇ. ಒಂದು ದಿನ ಕೂಗು ಮೇಲೆ ಬಂತು, ಅಪ್ಪ ಬರಲಿಲ್ಲ. ಗೋಣಿಚೀಲದಲ್ಲಿ ಮನೆಗೆ ತಂದರು. ಕುಡಿದು ಸತ್ತ ಅಂದ ಕ್ವಾರಿಯ ಧಣಿ. ಕುಡಿಸಿದ್ದು ಯಾರು ಅಂತ ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ.

"ನಂಗೂ ಕೇಳ್ಸುತ್ತೆ," ಗೋಡೆಗೆ ಒರಗಿದ್ದ ಮುದುಕ ಮೆಲ್ಲಗೆ ಅಂದ. "ಕುಡಿಯೋವಾಗ ಇರ್ಲಿಲ್ಲ."

"ನಂಗೂ," ಅಂದ ಇನ್ನೊಬ್ಬ.

ಮಧ್ಯಾಹ್ನ ತಪಾಸಣೆಗೆ ಬಂದ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಕುಡಿತ ಬಿಟ್ಟೋರಿಗೆ ಇಲ್ಲದ ದನಿ ಕೇಳಿಸೋದು ಇದ್ದದ್ದೇ ಕಣಮ್ಮ. ಮಾತ್ರೆ ಕೊಡು."

"ನಾನು ಒಂದು ಹನಿ ಕುಡಿದೋಳಲ್ಲ ಸಾರ್. ನಂಗೂ ಕೇಳಿಸುತ್ತೆ."

ಆಗ ನೋಡಿದರು. "ನಿಮ್ಮ ಜನಾನೇ ಹಿಂಗೆ. ರಜೆ ಹಾಕಿ ನಿದ್ದೆ ಮಾಡು."

"ಬತ್ತಿ ಗಿಡ್ಡ ಇದೆ ಸಾರ್. ನಾಳೆ ನಮ್ಮ ಭಾವ..."

"ಕ್ವಾರಿ ವಿಷಯ ನಮಗೆ ಬೇಡ. ಈ ಕಟ್ಟಡ ಕೊಟ್ಟಿರೋದೇ ಧಣಿಗಳು, ನೆನಪಿರಲಿ." ಅವರು ಕೈಯೂರಿದ್ದ ಗೋಡೆ ಅದೇ ಗುಂಡಿಯ ಕಲ್ಲಿನದು. ಅಪ್ಪ ಸತ್ತ ದಿನ ಸಿಡಿದ ಕಲ್ಲು ಇದರಲ್ಲಿ ಎಷ್ಟಿದೆಯೋ.

ಮರುದಿನ ಕೇಂದ್ರಕ್ಕೆ ಬೀಗ ಹಾಕಿ ಕ್ವಾರಿಗೆ ಹೋದೆ. ನನ್ನ ಹತ್ತಿರ ಕೂತು ಆಣೆ ಮಾಡಿದ್ದವರೇ ನನ್ನ ಕಣ್ಣು ತಪ್ಪಿಸಿ ಮುಚ್ಚಳ ಎತ್ತಿ ಇಳಿದಿದ್ದರು. ಸಿಟ್ಟು ಬರಲಿಲ್ಲ. ಕಲ್ಲಿಗೆ ಮದ್ದು ತುಂಬಿ ಬತ್ತಿ ಸಿಕ್ಕಿಸಿಯಾಗಿತ್ತು. ನಮ್ಮವರಲ್ಲಿ ಮೇಲೆ ಉಳಿದವನು ಭಾವ ಒಬ್ಬನೇ.

"ಎತ್ತೋ," ತುಂಬಿದ ಮುಚ್ಚಳ ಚಾಚಿ ಅಂದ ಮೇಸ್ತ್ರಿ.

"ಉದ್ದದ ಬತ್ತಿ ಕೊಡಿ. ಕುಡೀದೇನೇ ಹಚ್ತೀನಿ."

ಪಕ್ಕದಲ್ಲಿ ನಿಂತಿದ್ದ ಜೀಪಿನೊಳಗಿಂದ ಧಣಿ ಗದರಿದ. "ನಾಯಿ ಹತ್ರ ಏನೋ ಮಾತು? ಮೂಗು ಹಿಡಿದು ಕುಡಿಸ್ರೋ!"

ಧಣಿಯ ಆಳುಗಳಿಬ್ಬರು ಭಾವನನ್ನು ಹಿಡಿದುಕೊಂಡರು. ಮೇಸ್ತ್ರಿ ಮೂಗು ಹಿಸುಕಿ ಸುರಿದ. ಭಾವ ಹಲ್ಲು ಕಚ್ಚಿ ತಲೆ ಕೊಡವುತ್ತಿದ್ದ; ಸಾರಾಯಿ ಗಡ್ಡದಿಂದ ಇಳಿದು ಅಂಗಿ ಒದ್ದೆಯಾಯಿತು.

ನಾನು ಗುಂಡಿಯ ಅಂಚಿಗೆ ಓಡಿದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಪ್ಪನ ದನಿ ನನ್ನ ಗಂಟಲಲ್ಲಿ ಬಂತು.

"ಬತ್ತೀ... ಮೇಲೇ..."

ಕೆಳಗೆ ಸುತ್ತಿಗೆಗಳು ಬಿದ್ದವು. ಕುಡಿದ ಅಮಲಿನಲ್ಲೂ ಎಲ್ಲ ಎದ್ದುಬಿದ್ದು ಮೇಲೆ ಹತ್ತಿದರು. ಗುಂಡಿ ಖಾಲಿಯಾಯಿತು.

"ಯಾವನೂ ಬತ್ತಿ ಹಚ್ಚಿಲ್ಲ ಬೋಳಿಮಕ್ಕಳಾ!" ಧಣಿ ಜೀಪಿನಿಂದ ಇಳಿದು ಬಂದ. "ಈ ಮುಂಡೆ ಸುಮ್ನೆ ಕಿರುಚಿದ್ಲು. ಇಳೀರಿ!"

ಮುದುಕ ಟವೆಲಿನಿಂದ ಮುಖ ಒರೆಸಿಕೊಂಡ. "ಕೂಗಾಗಿದೆ ಧಣಿ. ಸಿಡಿತ ಆಗಿಲ್ಲ."

"ಅದಕ್ಕೇ ಹೇಳ್ತಿರೋದು, ಹಚ್ಚಿಲ್ಲ ಅಂತ!"

"ಆಗಿಲ್ಲ ಧಣಿ," ಅಂದರು ಉಳಿದವರು. ಯಾರೂ ಕದಲಲಿಲ್ಲ.

"ನೀನು ಹೋಗಿ ಹಚ್ಚೋ," ಅಂದ ಧಣಿ ಮೇಸ್ತ್ರಿಗೆ. ಮೇಸ್ತ್ರಿ ಬಗ್ಗಿ ನೋಡಿ ಹಿಂದೆ ಸರಿದ. ಅವನು ಕುಡಿಯುವವನಲ್ಲ. ಅವನ ಕಣ್ಣಿಗೆ ಬತ್ತಿ ಎಷ್ಟಿದೆಯೋ ಅಷ್ಟೇ ಕಾಣುತ್ತದೆ.

ಭಾವ ಕೈ ಬಿಡಿಸಿಕೊಂಡ. ಮುಚ್ಚಳ ಹೆಕ್ಕಿ, ಕ್ಯಾನು ಬಗ್ಗಿಸಿ, ಅಂಚಿನ ತನಕ ತುಂಬಿದ. ಹಾಗೇ ನಡೆದು ಬಂದು ಧಣಿಯ ಮೂಗಿನ ಮುಂದೆ ಹಿಡಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

"ಮೊದಲು ಇದು ಎತ್ತಿ ಧಣಿ. ಬತ್ತಿ ಉದ್ದ ಕಾಣುತ್ತೆ."

ಧಣಿ ಕೈ ಎತ್ತಿದ. ಅಷ್ಟರಲ್ಲಿ ಖಾಲಿ ಗುಂಡಿಯೊಳಗಿಂದ ಅಪ್ಪನ ಕೂಗು ಬಂತು, ಉದ್ದಕ್ಕೆ, ನಿಧಾನಕ್ಕೆ. ನನ್ನ ಬಾಯಿ ಮುಚ್ಚಿತ್ತು. ಎತ್ತಿದ ಕೈ ಹಾಗೇ ನಿಂತಿತು.

"ಕೆಳಗೆ ಇನ್ನೂ ಯಾವನ್ರೋ ಇರೋದು?" ಅಂದ ಧಣಿ.

ಭಾವ ಮುಚ್ಚಳವನ್ನು ಇನ್ನೂ ಹತ್ತಿರ ಹಿಡಿದ.