ಕಟಿಂಗ್ ಅಂಗಡಿಯವನು ಎದುರಂಗಡಿಗೆ ಹೋದದ್ದು

ಡ್ರಿಲ್ ಮೇಷ್ಟ್ರ ಮೀಸೆ ಅಂದರೆ ಇಡೀ ಬೀದಿಗೆ ಗೊತ್ತು. ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾದರೂ ಮೀಸೆ ಮಾತ್ರ ಇನ್ನೂ ಅಟೆನ್ಷನ್‌ನಲ್ಲೇ ನಿಂತಿತ್ತು. ಅವತ್ತು ಕಟಿಂಗ್ ಅಂಗಡಿಯವನು ಅದರ ತುದಿ ಸರಿಮಾಡಲು ಹೋಗಿ, ಒಂದು ಗಳಿಗೆ ಎಲ್ಲೋ ಮೈಮರೆತು, ಎಡಗಡೆಯ ಅರ್ಧವನ್ನೇ ಹಾರಿಸಿಬಿಟ್ಟ. ಇನ್ನು ಬಲಗಡೆಯದನ್ನು ಇಟ್ಟುಕೊಂಡು ಮಾಡುವುದೇನು? ಅದನ್ನೂ ತೆಗೆಯಬೇಕಾಯಿತು.

ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಆಮೇಲೆ ಅವನ ಮುಖ ನೋಡಿದರು. ಕಣ್ಣು ಕೆಂಪಗಿತ್ತು.

“ಮೀಸೆ ಹಾಳಾಗಿ ಹೋಗ್ಲಿ, ಮತ್ತೆ ಬರುತ್ತೆ. ನಿನಗೇನಾಗಿದೆಯಪ್ಪಾ?”

“ಏನಿಲ್ಲ ಮೇಷ್ಟ್ರೇ. ನಿದ್ದೆ ಸರಿಯಾಗಿಲ್ಲ, ಅಷ್ಟೇ.”

ನಿದ್ದೆ ಎಲ್ಲಿಂದ ಬರಬೇಕು? ಮನೆಯ ಮುಂದಿನ ಕೋಣೆ ಅಂಗಡಿ, ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ. ಲಕ್ವ ಹೊಡೆದು ಅಮ್ಮನಿಗೆ ಬಲಗೈ, ಬಲಗಾಲು ಬಿದ್ದುಹೋಗಿ, ಮಾತೂ ನಿಂತಿತ್ತು. ಹೆಂಡತಿ ಬೆಳಿಗ್ಗೆ ಬೇಗ ಬಿಸ್ಕತ್ತು ಫ್ಯಾಕ್ಟರಿಗೆ ಹೋಗುವವಳು. ಹಾಗಾಗಿ ಬೆಳಗಿನ ಗಂಜಿ ಕುಡಿಸುವುದು ಮಗನ ಕೆಲಸ. ಒಂದು ದಿನ ಗಂಜಿ ಅಮ್ಮನ ಬಾಯಿಂದ ಜಾರಿ, ಆಗತಾನೇ ಬದಲಿಸಿದ ಹೊದಿಕೆಯ ಮೇಲೆಲ್ಲ ಹರಿಯಿತು. ಅವನು ಕೂಗಾಡಿಬಿಟ್ಟ. “ನಿನ್ನಿಂದ ನನಗೆ ಸಾಕಾಗಿಹೋಗಿದೆ” ಅಂದ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಂದಿನಿಂದ ಸೊಸೆ ಕೊಟ್ಟರೆ ಬಾಯಿ ತೆರೆಯುತ್ತಾಳೆ, ಮಗ ಕೊಟ್ಟರೆ ತುಟಿ ಬಿಗಿಹಿಡಿಯುತ್ತಾಳೆ. ಬೆಳಗಿನ ಗಂಜಿ ತಪ್ಪಿ ತಪ್ಪಿ ಅಮ್ಮ ಇಳಿದುಹೋಗುತ್ತಿದ್ದಳು. ಮಗನಿಗೂ ಊಟ ಸೇರುತ್ತಿರಲಿಲ್ಲ.

ಮೇಷ್ಟ್ರಿಗೆ ಗೊತ್ತಿದ್ದ ಮದ್ದು ಒಂದೇ, ಓಟ. “ನನ್ನಾಕೆ ಹೋದಾಗ ನಾನು ಓಡಿ ಓಡಿಯೇ ಬದುಕಿದ್ದು. ನಾಳೆ ಮೈದಾನಕ್ಕೆ ಬಾ.” ಅವನು ಹೋದ. ದಿನವಿಡೀ ನಿಂತು ಸವೆದಿದ್ದ ಮಂಡಿ ಎರಡನೇ ಸುತ್ತಿಗೇ ಕೈಕೊಟ್ಟಿತು.

ಹೆಂಡತಿಯ ದಾರಿ ಬೇರೆ. ಕೆಲಸ ಮುಗಿದ ಮೇಲೆ ಗೆಳತಿಯ ಜೊತೆ ನಡೆದು ಬರುತ್ತಾ ಗಂಡ, ಅತ್ತೆ, ಸೂಪರ್‌ವೈಸರ್ ಎಲ್ಲರನ್ನೂ ಮನಸಾರೆ ಬೈದು, ಹಗುರಾಗಿ ಮನೆ ಸೇರುತ್ತಾಳೆ. “ನಿಮಗೆ ಮಾತಾಡೋಕೆ ಬಾರದಿದ್ರೆ, ಕಣ್ಮುಚ್ಚಿ ಉಸಿರು ಎಣಿಸ್ರೀ” ಅಂದಳು. ಎಣಿಸಿದ. ಕಣ್ಣು ಮುಚ್ಚಿದಾಗಲೆಲ್ಲ ಅಮ್ಮ ಗೋಡೆಯ ಕಡೆ ತಿರುಗಿದ್ದೇ ಕಾಣುತ್ತಿತ್ತು.

ಅಮ್ಮನ ಬಿ.ಪಿ. ನೋಡಲು ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೆ ಬಂದಾಗ ಅವನು ತಡೆಯದೆ ಹೇಳಿಬಿಟ್ಟ.

“ಮನಸ್ಸು ಹಗುರ ಮಾಡ್ಕೊಳ್ಳೋದೆಲ್ಲ ಪುರಸೊತ್ತಿದ್ದೋರ ಕೆಲಸ ನರ್ಸಮ್ಮ. ಮೇಷ್ಟ್ರ ಥರ ಓಡಿದೆ, ಆಗ್ಲಿಲ್ಲ. ಹೆಂಡ್ತಿ ಥರ ಮಾತಾಡಿ ಹಗುರಾಗೋಕೆ ನನಗೆ ಬರಲ್ಲ. ಉಸಿರು ಎಣಿಸಿದೆ, ಅದೂ ಆಗ್ಲಿಲ್ಲ. ನಾನೇ ಸರಿಯಿಲ್ಲ ಅನ್ಸುತ್ತೆ.”

ನರ್ಸಮ್ಮ ಅಮ್ಮನ ತೋಳಿನ ಪಟ್ಟಿ ಬಿಚ್ಚುತ್ತಾ ನಕ್ಕಳು. “ಅಣ್ಣಾ, ಅಂಗಡಿಗೆ ಬಂದೋರಿಗೆಲ್ಲ ಒಂದೇ ಕಟಿಂಗ್ ಮಾಡ್ತೀರಾ?”

“ಅದ್ಹೇಗಾಗುತ್ತೆ? ಒಬ್ಬೊಬ್ಬರ ತಲೆ ಒಂದೊಂದು ಥರ.”

“ಮತ್ತೆ? ಮೇಷ್ಟ್ರಿಗೆ ಓಟ, ಅಕ್ಕನಿಗೆ ಮಾತು. ನಿಮಗೆ ಒಗ್ಗೋದನ್ನ ನೀವೇ ಹುಡುಕ್ಬೇಕು. ಮೊದ್ಲೆಲ್ಲ ಮನಸ್ಸು ಭಾರ ಆದ್ರೆ ಏನ್ಮಾಡ್ತಿದ್ರಿ?”

ಅವನಿಗೆ ಹಳೆಯದು ನೆನಪಾಯಿತು. ಕಟಿಂಗ್ ಮಾಡುವವನಿಗೆ ತನ್ನ ತಲೆಯ ಹಿಂಭಾಗ ಎಂದೂ ಕೈಗೆ ಸಿಗದು. ಅದಕ್ಕೇ ಅವನೂ, ಬೀದಿಯಾಚೆ ಕಟಿಂಗ್ ಮಾಡುವ ಎದುರಂಗಡಿಯವನೂ, ಹಗಲೆಲ್ಲ ಗಿರಾಕಿಗಾಗಿ ಜಗಳವಾಡಿದರೂ, ಅಂಗಡಿ ಮುಚ್ಚಿದ ಮೇಲೆ ಒಬ್ಬರಿಗೊಬ್ಬರು ತಲೆ ಕೊಡುತ್ತಿದ್ದರು. ಅಮ್ಮ ಹಾಸಿಗೆ ಹಿಡಿದ ಮೇಲೆ ಅವನು ಅತ್ತ ಹೋಗಿರಲೇ ಇಲ್ಲ. ಎರಡು ಕನ್ನಡಿ ಹಿಡಿದು ತಾನೇ ಅಡ್ಡಾದಿಡ್ಡಿ ಕತ್ತರಿಸಿಕೊಂಡಿದ್ದ.

“ಎದುರಂಗಡೀಲಿ ಕೂರ್ತಿದ್ದೆ” ಎಂದ. “ಆದ್ರೆ ಅಮ್ಮ ಹೀಗಿರೋವಾಗ ನಾನು ಹೋಗಿ ತಲೆ ಒತ್ತಿಸ್ಕೊಳ್ಳೋದಾ? ನೋಡ್ದೋರು ಏನಂದಾರು?”

“ಕತ್ತರಿ ಮೊಂಡಾದ್ರೆ ಸಾಣೆ ಹಿಡಿಸ್ತೀರಲ್ಲ, ಆಗ ಯಾರಾದ್ರೂ ಏನಾದ್ರೂ ಅಂತಾರಾ? ಅಕ್ಕ ಮನೇಲಿರೋ ಹೊತ್ತಲ್ಲಿ ಅರ್ಧ ಗಂಟೆ ಹೋಗ್ಬನ್ನಿ.”

ಸಂಜೆ ಅವನು ಸಂಕೋಚದಿಂದಲೇ ಬೀದಿ ದಾಟಿದ.

“ಬಂದ್ಯಾ?” ಅಂದ ಎದುರಂಗಡಿಯವನು. “ನಿನ್ನ ಆ ಅಡ್ಡಾದಿಡ್ಡಿ ಕಟಿಂಗ್ ನಾನು ಮಾಡಿದ್ದು ಅಂತ ಜನ ತಿಳ್ಕೊಂಡು, ನನ್ನ ಅಂಗಡಿಗೆ ಬರೋದನ್ನೇ ಬಿಟ್ಟಾರು ಅಂತ ಹೆದರಿದ್ದೆ.”

ಕಟಿಂಗ್ ಮಾಡಿ, ಮುಖಕ್ಕೆ ಬಿಸಿ ಟವೆಲ್ ಹಾಕಿ, ನೆತ್ತಿಯ ಮೇಲೆ ಬೆರಳೂರಿದ. ದಿನವೂ ಊರವರ ಕಥೆಯನ್ನೆಲ್ಲ ಕೇಳಿಸಿಕೊಳ್ಳುವ ಮನುಷ್ಯ ಟವೆಲಿನ ಅಡಿಯಿಂದ ತನ್ನ ಕಥೆ ಹೇಳಿದ. ಗಂಜಿ, ಹೊದಿಕೆ, ತಾನು ಆಡಿದ ಮಾತು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಎದುರಂಗಡಿಯವನು ಬುದ್ಧಿ ಹೇಳಲಿಲ್ಲ. ಟವೆಲ್ ಆರಿದಾಗ ಇನ್ನೊಂದು ಬಿಸಿಯದನ್ನು ಹಾಕಿದ.

“ಅಮ್ಮನ ಹತ್ರ ಇದನ್ನ ಹೇಳಿದ್ಯಾ?”

“ಅವಳಿಗೆ ಮಾತೇ ಹೋಗಿದೆಯಲ್ಲೋ.”

“ಕಿವಿ ಹೋಗಿಲ್ವಲ್ಲ.”

ಅಮ್ಮ ತಿರುಗಿ ಮಾತಾಡಲಾರಳು ಎಂದು ತಾನೂ ಅವಳೊಡನೆ ಮಾತು ಬಿಟ್ಟಿದ್ದೆ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಗಂಜಿ ಬಟ್ಟಲು ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ಕೂತ. “ಅಮ್ಮಾ, ಅವತ್ತು ಸುಸ್ತಾಗಿ ಕೂಗಾಡ್ದೆ. ಸಾಕಾಗಿದ್ದು ನಿನ್ನಿಂದಲ್ಲ. ನನಗೆ ನೀನು ಬೇಕು. ತಪ್ಪಾಯ್ತಮ್ಮ.”

ಅಮ್ಮ ಅಲುಗಲಿಲ್ಲ. ಅವನು ಒತ್ತಾಯಿಸಲಿಲ್ಲ. ಗಂಜಿ ಆರಿತು, ಎದ್ದು ಹೋಗಿ ಮತ್ತೆ ಬಿಸಿಮಾಡಿ ತಂದ. ಆಗ ಅಮ್ಮನ ಎಡಗೈ ನಿಧಾನವಾಗಿ ಮೇಲೆದ್ದು ಅವನ ಕತ್ತಿನ ಹಿಂದೆ, ಹೊಸದಾಗಿ ಕತ್ತರಿಸಿದ ಕೂದಲನ್ನು ಸವರಿತು. ಮುಖ ಇತ್ತ ತಿರುಗಿತು. ಬಾಯಿ ತೆರೆಯಿತು. ಗಂಜಿ ಅವತ್ತೂ ಸ್ವಲ್ಪ ಚೆಲ್ಲಿತು. ಅವನು ಒರೆಸಿ, ಮುಂದಿನ ಚಮಚ ತುಂಬಿದ.

ಇದನ್ನು ಕೇಳುತ್ತಿರುವ ಅಣ್ಣ, ಅಕ್ಕ, ನಿಮ್ಮ ದಾರಿ ಯಾವುದು? ಹಾಡೋ, ನಡಿಗೆಯೋ, ಗಿಡಕ್ಕೆ ನೀರು ಹಾಕುವುದೋ, ಗೆಳೆಯರ ಮುಂದೆ ಅಳುವುದೋ? ಪಕ್ಕದ ಮನೆಯವರದು ನಿಮಗೆ ಒಗ್ಗದಿದ್ದರೆ ನಿಮ್ಮಲ್ಲಿ ದೋಷವಿದೆ ಎಂದಲ್ಲ, ಇನ್ನೊಂದನ್ನು ಹುಡುಕಿ. ಏನು ಮಾಡಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಆರೋಗ್ಯ ಕೇಂದ್ರಕ್ಕೆ ಹೋಗಿ. ಬದುಕೇ ಬೇಡ ಅನ್ನಿಸಿದರಂತೂ ಒಬ್ಬರೇ ಇರಬೇಡಿ. ತಕ್ಷಣ ನಂಬಿದವರಿಗೆ ಹೇಳಿ, ಅವರ ಜೊತೆಯಲ್ಲೇ ವೈದ್ಯರ ಬಳಿಗೆ ಹೋಗಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನೆಯವರನ್ನು ನೋಡಿಕೊಳ್ಳುತ್ತಿರುವ ನೀವೂ ಆ ಮನೆಯವರೇ. ಇವತ್ತು ಅರ್ಧ ಗಂಟೆ ನಿಮ್ಮನ್ನೂ ನೋಡಿಕೊಳ್ಳಿ.